ರೇಡಾರ್ ಗನ್: ಸೂತ್ರದಲ್ಲಿ 2 ಎಲ್ಲಿಂದ ಬಂತು, ಕೋನ ಯಾರ ಪರ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿ.ಮೀ. ಹಾಗಾಗಿ ಮಂಡ್ಯ ಬೈಪಾಸ್‌ನಲ್ಲಿ 100ರಲ್ಲೇ ಬರುವ ಕಾರನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳೋಣ.

ವಾಹನಗಳ ವೇಗ ನೋಡಲು ಪೊಲೀಸರು ಹಿಡಿಯುವ ರೇಡಾರ್ ಗನ್ ದೂರವನ್ನು ಅಳೆಯುವುದಿಲ್ಲ. ಸುಮಾರು 24.15 ಗಿಗಾಹರ್ಟ್ಸ್ ಆವೃತ್ತಿಯ ಅಲೆಯನ್ನು ಬಿಟ್ಟು, ಕಾರಿಗೆ ಬಡಿದು ಹಿಂದಿರುಗಿದ ಅಲೆಯ ಆವೃತ್ತಿ ಎಷ್ಟು ಬದಲಾಗಿದೆ ಎಂದು ನೋಡುತ್ತದೆ. ಇದು ಡಾಪ್ಲರ್ ಪರಿಣಾಮ.

ವ್ಯತ್ಯಾಸ = 2 × ವೇಗ × ಕಳುಹಿಸಿದ ಆವೃತ್ತಿ ÷ ಬೆಳಕಿನ ವೇಗ

ಪರೀಕ್ಷೆಯಲ್ಲಿ ಬಹುಪಾಲು ಅಂಕ ಹೋಗುವುದು ಆ 2ನ್ನು ಬಿಡುವುದರಿಂದ. ಎದುರು ಬರುವ ಕಾರಿಗೆ ತಲುಪುವಾಗಲೇ ಅಲೆಯ ಆವೃತ್ತಿ ಒಮ್ಮೆ ಏರುತ್ತದೆ. ಚಲಿಸುವ ಕಾರು ಅದನ್ನು ಹಿಂದಕ್ಕೆ ಕಳುಹಿಸುವಾಗ ಇನ್ನೊಮ್ಮೆ ಏರುತ್ತದೆ. 100 ಕಿ.ಮೀ. ಎಂದರೆ ಸೆಕೆಂಡಿಗೆ 27.78 ಮೀಟರ್; ವ್ಯತ್ಯಾಸ ಸುಮಾರು 4,472 ಹರ್ಟ್ಸ್. ಕೋಟ್ಯಂತರ ಹರ್ಟ್ಸ್‌ಗಳ ನಡುವೆ ಇಷ್ಟು ಸಣ್ಣದು ಸಿಗುವುದು ಹೇಗೆ? ಹೋದ ಅಲೆ, ಬಂದ ಅಲೆ ಎರಡನ್ನೂ ಬೆರೆಸಿದರೆ ವ್ಯತ್ಯಾಸದ ಆವೃತ್ತಿಯದ್ದೇ ಏರಿಳಿತ, ಅಂದರೆ ವಿಸ್ಪಂದ, ಉಳಿಯುತ್ತದೆ. ಅದು ಕಿವಿಗೆ ಕೇಳುವ ವ್ಯಾಪ್ತಿಯಲ್ಲೇ ಇರುವುದರಿಂದ ಕೆಲವು ಉಪಕರಣಗಳು ಅದನ್ನು ಸ್ಪೀಕರಿನಲ್ಲೂ ಕೇಳಿಸುತ್ತವೆ. ಗನ್ ಈ ವ್ಯತ್ಯಾಸವನ್ನು ವೇಗಕ್ಕೆ ಸರಿಯಾಗಿ ಬದಲಿಸುತ್ತಿದೆಯೇ ಎಂದು ನೋಡಲು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಸಾಕು: 2,236 ಹರ್ಟ್ಸ್‌ನ ಕವೆಯನ್ನು ತಟ್ಟಿ ಮುಂದೆ ಹಿಡಿದರೆ ಪರದೆಯಲ್ಲಿ 50 ಬರಬೇಕು.

ಗನ್ ರಸ್ತೆಯ ಬದಿಯಲ್ಲಿ ಇರುವುದರಿಂದ ಅದಕ್ಕೆ ಸಿಗುವುದು ವೇಗ × ಕೊಸೈನ್ ಕೋನ; ಕೋನ ಎಂದರೆ ಗನ್ ಗುರಿಯಿಟ್ಟ ದಿಕ್ಕಿಗೂ ಕಾರು ಸಾಗುವ ದಾರಿಗೂ ನಡುವಿನದು. 20 ಡಿಗ್ರಿಗೆ 100ರ ಕಾರು 94 ಎಂದು ಕಾಣುತ್ತದೆ. ಅಂದರೆ ನಿಂತು ಅಳೆದಾಗ ಕೋನದ ದೋಷ ಚಾಲಕನ ಪರ. "ಓರೆಯಾಗಿ ಹಿಡಿದರು, ಅದಕ್ಕೇ ಹೆಚ್ಚು ಬಂತು" ಎಂಬ ವಾದ ನಿಲ್ಲುವುದಿಲ್ಲ. ಚಲಿಸುವ ಪೊಲೀಸ್ ವಾಹನದಿಂದ ಅಳೆದರೆ ಮಾತು ಬೇರೆ. ಉಪಕರಣ ತನ್ನ ವಾಹನದ ವೇಗವನ್ನೇ ಕಡಿಮೆ ಓದಿದರೆ, ಎದುರು ಬರುವವನ ಲೆಕ್ಕಕ್ಕೆ ಆ ವೇಗ ಸೇರಿಕೊಳ್ಳಬಹುದು.

ತಕರಾರಿಗೆ ನಿಜವಾದ ಆಸ್ಪದ ಇರುವುದು ಅಲೆಯ ಅಗಲದಲ್ಲಿ. 12 ಡಿಗ್ರಿ ಹರಡುವ ಕಿರಣ 100 ಮೀಟರ್ ದೂರದಲ್ಲಿ ಸುಮಾರು 21 ಮೀಟರ್ ಅಗಲವಾಗಿರುತ್ತದೆ. ಒಂದು ದಿಕ್ಕಿನ ಮೂರೂ ಪಥಗಳು ಅದರೊಳಗೆ. ಸಣ್ಣ ಕಾರಿನ ಹಿಂದೆ ದೊಡ್ಡ ಲಾರಿಯಿದ್ದರೆ ಲಾರಿಯ ಪ್ರತಿಫಲನವೇ ಪ್ರಬಲವಾಗಬಹುದು. ಲೇಸರ್ ಗನ್‌ಗೆ ಈ ತೊಂದರೆ ಕಡಿಮೆ: 300 ಮೀಟರ್‌ನಲ್ಲೂ ಅದರ ಕಿರಣ ಸುಮಾರು ಒಂದು ಮೀಟರ್ ಅಗಲ. ಅದು ಆವೃತ್ತಿಯ ಗೊಡವೆಗೆ ಹೋಗದೆ, ಮಿಡಿತಗಳು ಹೋಗಿ ಬರುವ ಸಮಯದಿಂದ ದೂರ ಬದಲಾಗುವುದನ್ನು ಲೆಕ್ಕ ಹಾಕುತ್ತದೆ. ಕೊಸೈನ್ ಮಾತ್ರ ಅಲ್ಲಿಯೂ ತಪ್ಪಿದ್ದಲ್ಲ.

ಅಭ್ಯಾಸಕ್ಕೆ: ಅದೇ ಗನ್, ಕೋನ 10 ಡಿಗ್ರಿ, ವ್ಯತ್ಯಾಸ 3,578 ಹರ್ಟ್ಸ್. ಕಾರಿನ ನಿಜವಾದ ವೇಗ ಎಷ್ಟು? (ಉತ್ತರ: ಸುಮಾರು 81 ಕಿ.ಮೀ.; 80 ಎಂದು ಬರೆದವರು ಕೋನವನ್ನು ಬಿಟ್ಟಿದ್ದಾರೆ.)