ಆಪಲ್ ತನ್ನದೇ ಸರ್ಚ್ ಎಂಜಿನ್ ಕಟ್ಟಬೇಕಾ? ಒಂದು ಅಧ್ಯಯನ ಟಿಪ್ಪಣಿ

ಫೋನು, ಲ್ಯಾಪ್‌ಟಾಪ್ ಮಾರುವ ಕಂಪನಿ ಸ್ವಂತ ಸರ್ಚ್ ಎಂಜಿನ್ ಕಟ್ಟಬೇಕಾ ಅನ್ನುವ ಪ್ರಶ್ನೆಗೆ ಆಪಲ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ದುಡ್ಡಿದೆ, ಸಫಾರಿ ಬ್ರೌಸರ್ ಇದೆ. ವೆಬ್ ಪುಟಗಳನ್ನು ಓದಿಕೊಂಡು ಬರುವ ಆಪಲ್‌ಬಾಟ್ ಕೂಡ ಇದೆ. ಗೂಗಲ್‌ನಲ್ಲಿ ಸರ್ಚ್ ನೋಡಿಕೊಳ್ಳುತ್ತಿದ್ದ ಜಾನ್ ಜಿಯಾನಂದ್ರಿಯಾ ಅವರನ್ನೇ 2018ರಲ್ಲಿ ಕರೆತಂದರು. ಆದರೂ ಗೂಗಲ್‌ಗೆ ಎದುರಾಗಿ ಎಂಜಿನ್ ಕಟ್ಟಲಿಲ್ಲ. ಸರ್ಚ್‌ನಲ್ಲಿ ಅಕ್ರಮವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ಅಮೆರಿಕ ಸರ್ಕಾರ 2020ರಲ್ಲಿ ಗೂಗಲ್ ಮೇಲೆ ಹೂಡಿದ ಮೊಕದ್ದಮೆಯಲ್ಲಿ ಇದರ ಕಾರಣಗಳು ಒಂದೊಂದಾಗಿ ಹೊರಬಿದ್ದವು. 2024ರ ಆಗಸ್ಟ್‌ನಲ್ಲಿ ಗೂಗಲ್‌ದು ತಪ್ಪು ಅಂತ ನ್ಯಾಯಾಧೀಶ ಅಮಿತ್ ಮೆಹ್ತಾ ಕೊಟ್ಟ ತೀರ್ಪು ಉದ್ದವಿದೆ, ಆದರೆ ಬಿಡಬೇಡಿ, ಓದಿ.

ಮೊದಲು ಹಣ. ಸಫಾರಿಯಲ್ಲಿ ಏನಾದರೂ ಹುಡುಕಿದರೆ, ನಾವು ಬೇರೆ ಎಂಜಿನ್ ಆರಿಸದಿದ್ದರೆ, ಅದು ತಾನಾಗಿಯೇ ಗೂಗಲ್‌ಗೆ ಹೋಗುತ್ತದೆ. ಅಲ್ಲಿ ಜಾಹೀರಾತಿನಿಂದ 100 ರೂಪಾಯಿ ಬಂದರೆ 36 ರೂಪಾಯಿ ಆಪಲ್‌ಗೆ. ಗುಟ್ಟಾಗಿದ್ದ ಈ ಪಾಲನ್ನು 2023ರ ವಿಚಾರಣೆಯಲ್ಲಿ ಗೂಗಲ್ ಕಡೆಯ ಅರ್ಥಶಾಸ್ತ್ರಜ್ಞರೇ ಬಾಯಿಬಿಟ್ಟರು. 2022ರಲ್ಲಿ ಹೀಗೆ ಸಂದಾಯವಾದದ್ದು ಸುಮಾರು 2,000 ಕೋಟಿ ಡಾಲರ್. ಪಠ್ಯದಲ್ಲಿ ಅವಕಾಶ ವೆಚ್ಚ, ಅಂದರೆ ಒಂದನ್ನು ಆರಿಸಿದಾಗ ಕೈತಪ್ಪುವ ಲಾಭ, ಅಂತ ಓದಿದ್ದೇವಲ್ವಾ, ಅದು ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಎಂಜಿನ್ ಕಟ್ಟುವ ಖರ್ಚು ಒಂದು ಕಡೆ. ಕಟ್ಟಿದ ದಿನದಿಂದ ನಿಂತುಹೋಗುವ ಈ ಆದಾಯ ಇನ್ನೊಂದು ಕಡೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಬೇಕು.

ಆದರೆ ಇದಕ್ಕಿಂತ ಗಟ್ಟಿ ಅಡ್ಡಿ ಕ್ಲಿಕ್‌ಗಳದ್ದು. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಉಳಿದದ್ದು ಸಲೀಸು. ಯಾರೋ ಒಬ್ಬರು ರಾಗಿ ಮುದ್ದೆ ಗಂಟಾಗದ ಹಾಗೆ ಮಾಡೋದು ಹೇಗೆ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾರೆ. ಒಬ್ಬೊಬ್ಬರ ಸ್ಪೆಲ್ಲಿಂಗ್ ಒಂದೊಂದು ಥರ. ಮೊದಲ ಕೊಂಡಿ ಒತ್ತಿ ತಕ್ಷಣ ವಾಪಸ್ ಬರುತ್ತಾರೆ, ಮೂರನೆಯದರಲ್ಲಿ ನಿಂತು ಓದುತ್ತಾರೆ. ಇಂಥ ನಡೆ ಸಾವಿರಾರು ಸೇರಿದಾಗ ಈ ಪ್ರಶ್ನೆಗೆ ಮೂರನೆಯದೇ ಸರಿ ಅಂತ ಎಂಜಿನ್‌ಗೆ ಗೊತ್ತಾಗುತ್ತದೆ. ಗೂಗಲ್‌ನ ನ್ಯಾವ್‌ಬೂಸ್ಟ್ ಎಂಬ ವ್ಯವಸ್ಥೆ ಮಾಡುವುದು ಇದೇ ಕೆಲಸ, 13 ತಿಂಗಳ ಕ್ಲಿಕ್‌ಗಳನ್ನು ಇಟ್ಟುಕೊಂಡು. ಗೂಗಲ್‌ಗೆ ಆ 13 ತಿಂಗಳಲ್ಲಿ ಸಿಗುವಷ್ಟು ಮಾಹಿತಿ ಸೇರಿಸಲು ಮೈಕ್ರೋಸಾಫ್ಟ್‌ನ ಸರ್ಚ್ ಎಂಜಿನ್ ಬಿಂಗ್‌ಗೆ 17 ವರ್ಷಕ್ಕೂ ಜಾಸ್ತಿ ಬೇಕು ಅಂತ ತೀರ್ಪಿನಲ್ಲಿದೆ. ಎಲ್ಲರೂ ಕೇಳುವ ಪ್ರಶ್ನೆಗೆ ಹೊಸ ಎಂಜಿನ್ ಹೇಗೋ ಉತ್ತರ ಕೊಟ್ಟೀತು. ಅಪರೂಪದ ಪ್ರಶ್ನೆಯಲ್ಲಿ ಎಡವುತ್ತದೆ. ಕನ್ನಡದಂಥ ಭಾಷೆಯಲ್ಲಿ ಹುಡುಕುವವರಿಗೆ ಆ ಪೆಟ್ಟು ಇನ್ನೂ ಜೋರಾಗಿ ಬೀಳುತ್ತದೆ ಅನ್ನುವುದು ನನ್ನ ಅಂದಾಜು.

ಮ್ಯಾಪ್ಸ್ ಕಟ್ಟಿದರಲ್ಲ, ಸರ್ಚ್ ಯಾಕಾಗದು ಅಂತ ಕೆಲವರು ಕೇಳುತ್ತಾರೆ. 2012ರಲ್ಲಿ ಆಪಲ್ ಮ್ಯಾಪ್ಸ್ ಬಂದಾಗ ಎಷ್ಟು ತಪ್ಪಿತ್ತೆಂದರೆ ಆಗ ಆಪಲ್ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆಮೇಲೆ ಸ್ವಂತ ವಾಹನಗಳನ್ನು ರಸ್ತೆಗಿಳಿಸಿ ಸುಧಾರಿಸಿದರು. ರಸ್ತೆಯನ್ನಾದರೆ ನಾವೇ ಹೋಗಿ ಅಳೆಯಬಹುದು. ಕ್ಲಿಕ್ ಬೇಕೆಂದರೆ ಜನರೇ ಬರಬೇಕು.

ಇನ್ನೊಂದು ವಿಷಯ ನೋಟ್ಸ್‌ನಲ್ಲಿ ಗೆರೆ ಎಳೆದು ಬರೆದುಕೊಳ್ಳಿ. ಸಫಾರಿಯಲ್ಲಿ ಟೈಪ್ ಮಾಡುತ್ತಿರುವಾಗಲೇ ಕೆಳಗೆ ಆಪಲ್‌ನ ಸಲಹೆಗಳು ಬರುತ್ತವೆ. ಉತ್ತರ ಅಲ್ಲೇ ಸಿಕ್ಕರೆ ಗೂಗಲ್ ಪುಟ ತೆರೆಯುವುದೇ ಇಲ್ಲ. ಎಂಜಿನ್ ಕಟ್ಟದೆಯೇ ಸರ್ಚ್‌ನ ಒಂದು ತುಂಡು ಕಿತ್ತುಕೊಳ್ಳುವ ದಾರಿ ಇದು. ಗೂಗಲ್‌ಗೆ ಇದು ಗೊತ್ತಾಗದೆ ಇರುತ್ತದೆಯೇ? ಗೂಗಲ್-ಆಪಲ್ ನಡುವಿನ 2016ರ ಒಪ್ಪಂದದಲ್ಲಿ, ಸಫಾರಿಯ ಸರ್ಚ್ ಹಿಂದೆ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ನಡೆಯಬೇಕು ಅಂತ ಷರತ್ತು ಸೇರಿತು. ಅಂದರೆ ಆ ಹಣ ಬರೀ ಜಾಗದ ಬಾಡಿಗೆಯಲ್ಲ, ಎದುರಾಳಿ ಬೆಳೆಯದಂತೆ ನೋಡಿಕೊಳ್ಳುವುದಕ್ಕೂ ಸೇರಿಸಿ ಕೊಟ್ಟದ್ದು ಅಂತ ನಾನು ಓದುತ್ತೇನೆ.

ಆಪಲ್‌ನ ಹಿರಿಯ ಅಧಿಕಾರಿ ಎಡ್ಡಿ ಕ್ಯೂ 2024ರ ಡಿಸೆಂಬರ್‌ನಲ್ಲಿ ಕೋರ್ಟಿಗೆ ಕೊಟ್ಟ ಕಾರಣಗಳು: ಶತಕೋಟಿಗಟ್ಟಲೆ ಡಾಲರ್ ಮತ್ತು ಹಲವು ವರ್ಷ ಬೇಕು, ಎಐ ಎಲ್ಲವನ್ನೂ ಬದಲಿಸುತ್ತಿದೆ, ಜನರನ್ನು ಗುರಿಯಿಟ್ಟು ಜಾಹೀರಾತು ಮಾರುವುದು ಖಾಸಗಿತನದ ಮಾತಿಗೆ ಹೊಂದುವುದಿಲ್ಲ. ಮೊದಲೆರಡು ಒಪ್ಪಬಹುದು. ಮೂರನೆಯದಕ್ಕೆ ನನ್ನ ತಕರಾರಿದೆ. ಅದೇ ಜಾಹೀರಾತಿನ ಹಣದಲ್ಲಿ ಪಾಲು ತೆಗೆದುಕೊಳ್ಳುತ್ತಾ ಈ ಮಾತು ಹೇಳಿದರೆ ಅರ್ಧ ಸತ್ಯವಾಗುತ್ತದೆ.

ಜಾಹೀರಾತು ಇಲ್ಲದೆ, ಚಂದಾ ಪಡೆದು ನಡೆಸಲು ಹೊರಟ ನೀವಾ (Neeva) ಎಂಬ ಸರ್ಚ್ ಎಂಜಿನ್ 2023ರಲ್ಲಿ ಮುಚ್ಚಿತು. ಅದನ್ನು ಕಟ್ಟಿದವರು ಗೂಗಲ್‌ನಲ್ಲೇ ಪಳಗಿದವರು. ಚೀನಾದ ಫೋನ್ ಕಂಪನಿ ಹುವಾವೇ ಕಥೆ ಬೇರೆ. 2019ರ ಅಮೆರಿಕದ ನಿರ್ಬಂಧದಿಂದ ಅದರ ಹೊಸ ಫೋನ್‌ಗಳಿಗೆ ಗೂಗಲ್ ಸೇವೆಗಳು ತಪ್ಪಿಹೋದವು. 2020ರಲ್ಲಿ ಅದರದ್ದೇ ಪೆಟಲ್ ಸರ್ಚ್ ಬಂತು. ಬೇರೆ ದಾರಿಯೇ ಇಲ್ಲದಾಗ ಫೋನ್ ಕಂಪನಿಯೂ ಈ ಕೆಲಸಕ್ಕೆ ಕೈ ಹಾಕುತ್ತದೆ. ಆಪಲ್‌ಗೆ ಅಂಥ ಗತಿ ಬಂದಿಲ್ಲ. ಷೇರುದಾರರ ಕಣ್ಣಿನಿಂದ ನೋಡಿದರೆ ಕಟ್ಟದಿರುವುದೇ ಸರಿ. ಹುಡುಕುವ ನಮಗೆ ಮಾತ್ರ ಅದು ನಷ್ಟ.

2025ರ ಸೆಪ್ಟೆಂಬರ್‌ನಲ್ಲಿ ಇದೇ ನ್ಯಾಯಾಧೀಶರು ಪರಿಹಾರದ ಆದೇಶ ಕೊಟ್ಟರು. ಗೂಗಲ್ ತನ್ನ ಸೂಚಿಯ (ಓದಿಟ್ಟುಕೊಂಡ ವೆಬ್ ಪುಟಗಳ ಪಟ್ಟಿಯ) ಮತ್ತು ಬಳಕೆದಾರರ ಮಾಹಿತಿಯ ಒಂದು ಭಾಗವನ್ನು ಅರ್ಹ ಪ್ರತಿಸ್ಪರ್ಧಿಗಳಿಗೆ ಕೊಡಬೇಕು, ತನ್ನನ್ನು ಬಿಟ್ಟು ಬೇರೆಯವರು ಇರಕೂಡದೆಂಬ ಒಪ್ಪಂದ ಮಾಡಿಕೊಳ್ಳುವಂತಿಲ್ಲ. ಹಣ ಕೊಡುವುದನ್ನು ಮಾತ್ರ ನಿಷೇಧಿಸಲಿಲ್ಲ. ಪರೀಕ್ಷೆಗೆ ಓದುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿ: ಕ್ಲಿಕ್‌ಗಳ ಕೊರತೆ ಸ್ವಲ್ಪ ನೀಗಿದರೂ, ಪ್ರತಿ ವರ್ಷ ಚೆಕ್ ಬರುತ್ತಲೇ ಇದ್ದರೆ ಆಪಲ್ ಕಟ್ಟಲು ಹೊರಡುತ್ತದಾ?