ಪಕ್ಕದ ಫ್ಯಾಕ್ಟರಿಯ ಸಿಎಸ್‌ಆರ್ ಹಣ ನಮ್ಮೂರಿಗೆ ಬರಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ನಮ್ಮೂರಿಂದ ಎರಡೇ ಕಿಲೋಮೀಟರ್ ದೂರದಲ್ಲಿ ದೊಡ್ಡ ಫ್ಯಾಕ್ಟರಿ ಇದೆ. ಹಗಲು ರಾತ್ರಿ ಲಾರಿಗಳು ಓಡಾಡುತ್ತವೆ. ಧೂಳು ನಮಗೆ, ಲಾಭ ಅವರಿಗೆ. ಸಿಎಸ್‌ಆರ್, ಅಂದರೆ ಕಂಪನಿಯ ಸಾಮಾಜಿಕ ಹೊಣೆ ಅಂತ, ಲಾಭದಲ್ಲಿ 2 ಪರ್ಸೆಂಟ್ ಸುತ್ತಮುತ್ತಲ ಊರುಗಳಿಗೆ ಕೊಡಲೇಬೇಕು ಅಂತ ಕಾನೂನು ಇದೆಯಂತೆ. ನಮ್ಮ ಶಾಲೆ ಮಳೆ ಬಂದರೆ ಸೋರುತ್ತದೆ. ಆ ಹಣ ಕೇಳುವ ಹಕ್ಕು ನಮಗಿದೆಯಾ? ಯಾರನ್ನು ಕೇಳಬೇಕು?

ಉತ್ತರ: ಕೇಳುವ ಹಕ್ಕು ಖಂಡಿತ ಇದೆ. ನಮ್ಮೂರಿಗೇ ಕೊಡಿ ಅಂತ ಪಟ್ಟು ಹಿಡಿದು ವಸೂಲಿ ಮಾಡುವ ಹಕ್ಕು ಮಾತ್ರ ಕಾನೂನಿನಲ್ಲಿ ಇಲ್ಲ. ಇಷ್ಟು ಕೇಳಿ ಬೇಸರ ಮಾಡಿಕೊಳ್ಳಬೇಡಿ. ಸರಿಯಾಗಿ ಕೇಳಿದ ಊರುಗಳಿಗೆ ಹಣ ಬಂದಿದೆ, ಕೆಲಸವೂ ಆಗಿದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು) 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿರಬೇಕು. ಮೂರರಲ್ಲಿ ಒಂದು ಇದ್ದರೂ ಸಾಕು, ಆ ಕಂಪನಿ ಸಿಎಸ್‌ಆರ್ ಖರ್ಚು ಮಾಡಬೇಕು. ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿ ತೆಗೆದು, ಅದರ 2 ಪರ್ಸೆಂಟ್ ಲೆಕ್ಕ ಹಾಕುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಂಪನಿಗೆ ಮೂರು ವರ್ಷದಲ್ಲಿ 4 ಕೋಟಿ, 6 ಕೋಟಿ, 8 ಕೋಟಿ ಲಾಭ ಬಂತು ಅಂದುಕೊಳ್ಳಿ. ಸರಾಸರಿ 6 ಕೋಟಿ. ಅದರ 2 ಪರ್ಸೆಂಟ್ ಅಂದರೆ 12 ಲಕ್ಷ. ದೊಡ್ಡ ಕಾಂಪೌಂಡ್, ದೊಡ್ಡ ಗೇಟು ನೋಡಿ ಕೋಟಿಗಟ್ಟಲೆ ಇರುತ್ತದೆ ಅಂತ ನಾವು ಅಂದಾಜು ಮಾಡುತ್ತೇವೆ. ಎಷ್ಟೋ ಸಲ ಇಡೀ ವರ್ಷಕ್ಕೆ ಇರುವುದು ಇಷ್ಟೇ. ಇನ್ನೊಂದು ವಿಷಯ, ಈ ಲೆಕ್ಕ ನಿಮ್ಮೂರ ಫ್ಯಾಕ್ಟರಿಯ ಲಾಭದ ಮೇಲೆ ಬರುವುದಿಲ್ಲ. ಇಡೀ ಕಂಪನಿಯ ಲಾಭದ ಮೇಲೆ ಬರುತ್ತದೆ. ಅದೇ ಕಂಪನಿಗೆ ಗುಜರಾತಿನಲ್ಲಿ ಒಂದು, ತಮಿಳುನಾಡಿನಲ್ಲಿ ಎರಡು ಫ್ಯಾಕ್ಟರಿ ಇದ್ದರೆ, ಅಲ್ಲಿನ ಊರಿನವರೂ ನಿಮ್ಮ ಹಾಗೇ ಕಾಯುತ್ತಿರುತ್ತಾರೆ.

ಈಗ ನೀವು ಕೇಳಿದ ಮುಖ್ಯ ಮಾತಿಗೆ ಬರೋಣ. ಕಂಪನಿ ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಅದೇ 135ನೇ ಸೆಕ್ಷನ್‌ನಲ್ಲಿ ಬರೆದಿದೆ. ಸುತ್ತಮುತ್ತ ಅಂದರೆ ಎಷ್ಟು ಕಿಲೋಮೀಟರ್ ಅಂತ ಬರೆದಿಲ್ಲ. ಈ ಆದ್ಯತೆ ಕಡ್ಡಾಯವಲ್ಲ, ಮಾರ್ಗಸೂಚಿಯ ರೂಪದ್ದು, ದೇಶದ ಅಗತ್ಯಗಳನ್ನೂ ಜೊತೆಗೆ ನೋಡಬೇಕು ಅಂತ 2021ರ ಆಗಸ್ಟ್‌ನಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಸ್ಪಷ್ಟಪಡಿಸಿತು. ನನಗೆ ಇದು ಇಷ್ಟವಾಗಲಿಲ್ಲ. ರಸ್ತೆ ಹಾಳಾಗುವುದು, ಬೋರ್‌ವೆಲ್ ಬತ್ತುವುದು ಫ್ಯಾಕ್ಟರಿಯ ಪಕ್ಕದಲ್ಲೇ ಅಲ್ವಾ? ಆದರೂ ಆ ಒಂದು ಸಾಲು ನಿಮ್ಮ ಕೈಯಲ್ಲಿದೆ. ಅರ್ಜಿಯಲ್ಲಿ ಅದನ್ನು ಬರೆಯಿರಿ.

ಯಾರನ್ನು ಕೇಳಬೇಕು? ಹೆಚ್ಚಿನವರು ಗೇಟಿನ ಹತ್ತಿರ ಹೋಗಿ ಎಚ್‌ಆರ್ ಮ್ಯಾನೇಜರ್ ಕೈಗೆ ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು ಬರುತ್ತಾರೆ. ಹಣ ಮಂಜೂರು ಮಾಡುವುದು ಅವರಲ್ಲ. ಕಂಪನಿಯ ನಿರ್ದೇಶಕರ ಸಿಎಸ್‌ಆರ್ ಸಮಿತಿ ವರ್ಷದ ಕ್ರಿಯಾ ಯೋಜನೆ ಮಾಡುತ್ತದೆ, ನಿರ್ದೇಶಕರ ಮಂಡಳಿ ಒಪ್ಪಿಗೆ ಕೊಡುತ್ತದೆ. ವರ್ಷದ ಸಿಎಸ್‌ಆರ್ ಮೊತ್ತ 50 ಲಕ್ಷ ದಾಟದ ಕಂಪನಿಗೆ ಸಮಿತಿ ಬೇಕಿಲ್ಲ, ಮಂಡಳಿಯೇ ತೀರ್ಮಾನಿಸುತ್ತದೆ. ಆ ಮಂಡಳಿ ಮುಂಬೈಯಲ್ಲೋ ದೆಹಲಿಯಲ್ಲೋ ಕೂತಿರಬಹುದು. ಸ್ಥಳೀಯ ಮ್ಯಾನೇಜರ್ ಜೊತೆ ಚೆನ್ನಾಗಿರಿ, ಅವರ ಶಿಫಾರಸು ಬೇಕೇ ಬೇಕು. ಆದರೆ ಪತ್ರದ ಒಂದು ಪ್ರತಿ ಸಿಎಸ್‌ಆರ್ ಸಮಿತಿಯ ಹೆಸರಿಗೆ ಮುಖ್ಯ ಕಚೇರಿಗೂ ಹೋಗಲಿ. ಸಮಿತಿಯಲ್ಲಿ ಯಾರಿದ್ದಾರೆ, ಯಾವ ಯೋಜನೆಗೆ ಒಪ್ಪಿದ್ದಾರೆ ಅನ್ನುವುದನ್ನು ವೆಬ್‌ಸೈಟ್ ಇರುವ ಕಂಪನಿ ಅಲ್ಲಿ ಹಾಕಲೇಬೇಕು. ವಾರ್ಷಿಕ ವರದಿಯಲ್ಲೂ ಇರುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಕಂಪನಿಯ ಹೆಸರು ಹಾಕಿದರೆ ಹಿಂದಿನ ವರ್ಷಗಳ ಖರ್ಚು ಸಿಗುತ್ತದೆ. ಊರಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿಗೆ ಹೇಳಿ, ಅರ್ಧ ಗಂಟೆಯಲ್ಲಿ ಹುಡುಕಿ ಕೊಡುತ್ತಾಳೆ. ಈ ಮಾಹಿತಿ ಇಲ್ಲದೆ ಮನವಿ ಬರೆಯಲು ಕೂರಬೇಡಿ.

ಏನು ಕೇಳಬಾರದು ಅನ್ನುವುದೂ ಗೊತ್ತಿರಲಿ. ಜಾತ್ರೆಗೆ ಪೆಂಡಾಲ್, ಕಬಡ್ಡಿ ಟೂರ್ನಿಗೆ ಟ್ರೋಫಿ, ಕ್ಯಾಲೆಂಡರಿಗೆ ಜಾಹೀರಾತು, ಇವೆಲ್ಲ ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ. ರಾಜಕೀಯ ಪಕ್ಷಕ್ಕೆ ಕೊಟ್ಟ ಹಣವೂ ಸೇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇರೆ ಕಾನೂನಿನ ಪ್ರಕಾರ ಕಂಪನಿ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸುವಂತಿಲ್ಲ. ತನ್ನ ಹೊಲಸು ನೀರನ್ನು ಶುದ್ಧ ಮಾಡುವುದು, ಹೊಗೆ ತಡೆಯುವುದು ಕಂಪನಿಯ ಹೊಣೆ. ಅದಕ್ಕೆ ದೂರು ಕೊಡಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಶಾಲೆಗೆ ಬೆಂಚು ಕೊಟ್ಟಿದ್ದಾರೆ ಅಂತ ಹಳ್ಳಕ್ಕೆ ಬಿಡುವ ನೀರಿನ ಬಗ್ಗೆ ಊರಿನವರು ಬಾಯಿ ಮುಚ್ಚಿಕೊಳ್ಳಬಾರದು. ಈ ಎರಡು ಲೆಕ್ಕ ಯಾವತ್ತೂ ಬೇರೆ ಬೇರೆಯಾಗೇ ಇರಲಿ.

ಇನ್ನು ಏನು ಕೇಳಬೇಕು? ಇಲ್ಲಿ ನನ್ನ ಅಮ್ಮನ ತವರೂರಿನ ಒಂದು ಸಂಗತಿ ಹೇಳಬೇಕು. ಅಲ್ಲಿಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹತ್ತಿರದ ಒಂದು ಕಂಪನಿ ಕುಡಿಯುವ ನೀರಿನ ಘಟಕ ಕಟ್ಟಿಸಿಕೊಟ್ಟಿತು. ರಿಬ್ಬನ್ ಕತ್ತರಿಸಿದರು, ಗ್ರಾನೈಟ್ ಫಲಕ ಹಾಕಿದರು. 5 ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ನೀರು ಸಣ್ಣಗೆ ಬರತೊಡಗಿತು. ಒಂದು ದಿನ ನಿಂತೇಹೋಯಿತು.

ನಾನು ಹೋದಾಗ ಬಾಗಿಲಿಗೆ ಬೀಗ ಇತ್ತು. ಕೀ ತರಿಸಿ ಒಳಗೆ ನೋಡಿದೆವು. ಬೆಳ್ಳಗಿರಬೇಕಾದ ಫಿಲ್ಟರ್ ಕ್ಯಾಂಡಲ್ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತಿತ್ತು. ನೀರು ಸೋಸುವ ಪೊರೆ, ಅಂದರೆ ಮೆಂಬ್ರೇನ್ ಬದಲಾಯಿಸಬೇಕಿತ್ತು. ಕಂಪನಿಯವರು, ನಿರ್ವಹಣೆ ಒಂದೇ ವರ್ಷ ಅಂತ ಒಪ್ಪಂದ ಇತ್ತು ಅಂದರು. ಪಂಚಾಯಿತಿಯವರು, ನಮಗೆ ಹಸ್ತಾಂತರವೇ ಆಗಿಲ್ಲ ಅಂದರು. ನಾಣ್ಯದ ಪೆಟ್ಟಿಗೆಯಲ್ಲಿ ಬಿದ್ದ ಹಣದ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ನನ್ನ ಅತ್ತೆ ಮಂಡಿ ನೋವಿನಲ್ಲೂ ಆ ಫಲಕದ ಮುಂದೆಯೇ ಕೊಡ ಹೊತ್ತುಕೊಂಡು ಅದೇ ಹಳೆ ಬೋರ್‌ವೆಲ್ಲಿಗೆ ಹೋಗುತ್ತಿದ್ದರು. ಅದನ್ನು ನೋಡಿ ನನಗೆ ತುಂಬ ಸಂಕಟವಾಯಿತು.

ಅವತ್ತಿನಿಂದ ನಾನು ಯಾರಿಗೇ ಹೇಳಿದರೂ ಮೊದಲು ಹೇಳುವುದು ಇದನ್ನೇ. ಕಟ್ಟಡ ಕೇಳುವ ಮೊದಲು, ಎರಡನೇ ವರ್ಷ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಊರಲ್ಲಿ ಕೂತು ತೀರ್ಮಾನ ಮಾಡಿ. ಕಂಪನಿಯ ಸಮಿತಿಯವರಿಗೂ ಒಳಗೊಳಗೆ ಇರುವ ಭಯ ಅದೇ. ಆ ಪ್ರಶ್ನೆಗೆ ನಿಮ್ಮ ಅರ್ಜಿಯಲ್ಲೇ ಉತ್ತರ ಇದ್ದರೆ ಅವರ ಅರ್ಧ ಚಿಂತೆ ಕಳೆಯುತ್ತದೆ.

ಚೆನ್ನಾಗಿ ಆದ ಕೆಲಸವೂ ಕಣ್ಣ ಮುಂದಿದೆ. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿ ಕೆರೆ 36 ಎಕರೆಯದ್ದು. ಒಣಗಿ ಬಯಲಾಗಿತ್ತು. 2017ರಲ್ಲಿ ಸನ್‌ಸೇರಾ ಎಂಜಿನಿಯರಿಂಗ್ ಕಂಪನಿಯ ಸಿಎಸ್‌ಆರ್ ಹಣ, ಸುಮಾರು 1.17 ಕೋಟಿ ರೂಪಾಯಿ, ಅದಕ್ಕೆ ಸಿಕ್ಕಿತು. ಅದೇ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಆನಂದ್ ಮಲ್ಲಿಗವಾಡ ಮುಂದೆ ನಿಂತರು. ಹೂಳು ತೆಗೆದರು, ಅದೇ ಮಣ್ಣಿನಿಂದ ಕೆರೆಯೊಳಗೆ ಹಕ್ಕಿಗಳಿಗೆ ನಡುಗಡ್ಡೆ ಮಾಡಿದರು, ಗಿಡ ನೆಟ್ಟರು. ಊರಿನ ಜನ ಕೈ ಜೋಡಿಸಿದರು. ಸುಮಾರು 45 ದಿನದಲ್ಲಿ ಮಣ್ಣಿನ ಕೆಲಸ ಮುಗಿಯಿತು, ಆ ವರ್ಷದ ಮಳೆಗೆ ಕೆರೆಯಲ್ಲಿ ನೀರು ನಿಂತಿತು. ಹಣದ ಜೊತೆಗೆ ಕಂಪನಿಯ ಒಬ್ಬ ಮನುಷ್ಯ ಬಿಸಿಲಲ್ಲಿ ಬಂದು ನಿಂತದ್ದು ಇಲ್ಲಿ ದೊಡ್ಡ ಸಂಗತಿ ಅಂತ ನನಗನ್ನಿಸುತ್ತದೆ. ನಿಮ್ಮ ಫ್ಯಾಕ್ಟರಿಯಲ್ಲೂ ಅಂಥ ಒಬ್ಬರು ಇರುತ್ತಾರೆ. ಹುಡುಕಿ.

ನಿಮ್ಮ ಶಾಲೆಯ ವಿಷಯಕ್ಕೆ ಬಂದರೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಠರಾವು ಮಾಡಿಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಒಪ್ಪಿಗೆ ಪತ್ರ ತನ್ನಿ. ಸರ್ಕಾರಿ ಕಟ್ಟಡ ಅಲ್ವಾ, ಅದಿಲ್ಲದೆ ಕಂಪನಿ ಮುಂದೆ ಬರುವುದಿಲ್ಲ. ಎಂಜಿನಿಯರ್ ಹತ್ತಿರ ಅಂದಾಜು ಪಟ್ಟಿ ಮಾಡಿಸಿ. "ಶಾಲೆ ಅಭಿವೃದ್ಧಿ ಮಾಡಿಕೊಡಿ" ಅಂತ ಬರೆದರೆ ಅದು ಫೈಲಿನಲ್ಲೇ ಉಳಿಯುತ್ತದೆ. "ಎರಡು ಕೋಣೆಯ ಚಾವಣಿ, ಇಷ್ಟು ಚದರಡಿ, ಇಷ್ಟು ರೂಪಾಯಿ, ಇಷ್ಟು ಮಕ್ಕಳು ಮಳೆಗಾಲದಲ್ಲಿ ವರಾಂಡದಲ್ಲಿ ಕೂರುತ್ತಾರೆ" ಅಂತ ಬರೆಯಿರಿ. ಸೋರುವ ಜಾಗದ ಒಂದು ಫೋಟೋ ಇಡಿ. ಎರಡು ಪುಟ ಸಾಕು.

ಹಣ ನಗದಾಗಿ ನಿಮ್ಮ ಕೈಗೆ ಬರುತ್ತದೆ ಅಂತ ನಿರೀಕ್ಷೆ ಬೇಡ. ಕಂಪನಿ ತಾನೇ ಕೆಲಸ ಮಾಡಿಸಬಹುದು, ಇಲ್ಲವೇ ಒಂದು ಸಂಸ್ಥೆಯ ಮೂಲಕ ಮಾಡಿಸಬಹುದು. ಆ ಸಂಸ್ಥೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ಅನ್ನುವ ಫಾರಂ ಕೊಟ್ಟು ನೋಂದಣಿ ಮಾಡಿಸಿರಬೇಕು. 2021ರ ಏಪ್ರಿಲ್‌ನಿಂದ ಈ ನಿಯಮ ಇದೆ. ಸರ್ಕಾರ ಕಟ್ಟಿದ್ದಲ್ಲದ ಸಾರ್ವಜನಿಕ ಟ್ರಸ್ಟ್ ಅಥವಾ ಸೊಸೈಟಿಯಾದರೆ ಆದಾಯ ತೆರಿಗೆ ಇಲಾಖೆಯ 12ಎ ಮತ್ತು 80ಜಿ ನೋಂದಣಿಯೂ ಬೇಕು. ಕಂಪನಿಯೇ ಕಟ್ಟಿದ ಸಂಸ್ಥೆ ಅಲ್ಲದಿದ್ದರೆ ಮೂರು ವರ್ಷದ ಅನುಭವವೂ ಇರಬೇಕು. ಹಾಗಾಗಿ ಹಣಕ್ಕೋಸ್ಕರ ನಾಳೆಯೇ ಒಂದು ಸಂಘ ಕಟ್ಟಿದರೆ ಪ್ರಯೋಜನವಿಲ್ಲ. ತಾಲ್ಲೂಕಿನಲ್ಲಿ ಈಗಾಗಲೇ ಒಳ್ಳೆಯ ಹೆಸರಿರುವ ಸಂಸ್ಥೆಯ ಜೊತೆ ಸೇರಿ. ಸುಮ್ನೆ ಯಾರೋ ಬಂದು "ಸಿಎಸ್‌ಆರ್ ಹಣ ತರಿಸಿಕೊಡುತ್ತೇನೆ, ಮುಂಗಡ ಕೊಡಿ" ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸಮಯವೂ ಮುಖ್ಯ. ಹಣಕಾಸು ವರ್ಷ ಏಪ್ರಿಲ್‌ನಿಂದ ಶುರು. ಜನವರಿ, ಫೆಬ್ರವರಿಯಲ್ಲಿ ನಿಮ್ಮ ಅರ್ಜಿ ಅವರ ಮೇಜಿನ ಮೇಲಿದ್ದರೆ ಮುಂದಿನ ಯೋಜನೆಗೆ ಸೇರುವ ಅವಕಾಶ ಹೆಚ್ಚು. ಖರ್ಚಾಗದ ಹಣವನ್ನು ಕಂಪನಿ ಮೊದಲಿನ ಹಾಗೆ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ. ಶುರುವಾಗಿ ನಡೆಯುತ್ತಿರುವ ಯೋಜನೆಯದ್ದಾದರೆ ಪ್ರತ್ಯೇಕ ಖಾತೆಗೆ ಹಾಕಿ ಮೂರು ವರ್ಷದಲ್ಲಿ ಮುಗಿಸಬೇಕು. ಬೇರೆಯದ್ದಾದರೆ ಆರು ತಿಂಗಳೊಳಗೆ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯಂಥ ಕಡೆಗೆ ಕಟ್ಟಬೇಕು. ತಪ್ಪಿದರೆ ದಂಡ ಇದೆ.

ಗಣಿ ಇರುವ ಸಂಡೂರಿನಂಥ ಕಡೆಯವರು ಇನ್ನೊಂದು ಹಣವನ್ನೂ ಕೇಳಬೇಕು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಕಂಪನಿಗಳು ತಾವು ಸರ್ಕಾರಕ್ಕೆ ಕೊಡುವ ರಾಯಧನದ ಮೇಲೆ ಪಾಲು ಕಟ್ಟುತ್ತವೆ. ಹಳೆಯ ಗುತ್ತಿಗೆಗೆ 30 ಪರ್ಸೆಂಟ್, ಹರಾಜಿನಲ್ಲಿ ಪಡೆದದ್ದಕ್ಕೆ 10 ಪರ್ಸೆಂಟ್. ಇದಕ್ಕೂ ಸಿಎಸ್‌ಆರ್‌ಗೂ ಸಂಬಂಧವಿಲ್ಲ. ಇದು ಗಣಿಯಿಂದ ತೊಂದರೆಗೆ ಒಳಗಾದ ಜನರಿಗೇ ಮೀಸಲಾದ ಹಣ.

ಕಂಪನಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 2 ಪರ್ಸೆಂಟ್ ಆಚೆಗೂ ನಿಮ್ಮ ಕೈಯಲ್ಲಿ ಬಹಳ ಇದೆ. ಕ್ಯಾಂಟೀನಿಗೆ ದಿನಾ ಬೇಕಾಗುವ ಹಾಲು, ತರಕಾರಿ, ಸೊಪ್ಪನ್ನು ಪಕ್ಕದ ಊರಿನ ರೈತರಿಂದ ಕೊಳ್ಳಿ, ಬಿಲ್ ಹದಿನೈದು ದಿನದೊಳಗೆ ಕೊಡಿ. ಸಮವಸ್ತ್ರ ಹೊಲಿಯುವ ಕೆಲಸವನ್ನು ಮಹಿಳಾ ಸಂಘಕ್ಕೆ ಕೊಡಿ. ಐಟಿಐ ಮುಗಿಸಿದ ಊರಿನ ಹುಡುಗರನ್ನು ಅಪ್ರೆಂಟಿಸ್ ಆಗಿ ತಗೊಂಡು ಕಲಿಸಿ. ವರ್ಷಕ್ಕೊಮ್ಮೆ ಬರುವ ಚೆಕ್ಕಿಗಿಂತ ತಿಂಗಳು ತಿಂಗಳು ಬರುವ ಈ ಹಣ ಮನೆಗಳನ್ನು ನಿಲ್ಲಿಸುತ್ತದೆ.

ಅಮ್ಮನ ತವರೂರಿನ ಘಟಕ ಈಗ ನಡೆಯುತ್ತಿದೆ. ಸ್ತ್ರೀಶಕ್ತಿ ಸಂಘದವರು ಪಂಚಾಯಿತಿಯಿಂದ ಠರಾವು ಮಾಡಿಸಿ ಅದನ್ನು ವಹಿಸಿಕೊಂಡರು. ಲೆಕ್ಕ ಹಾಕಿದರು: ದಿನಕ್ಕೆ 120 ಕ್ಯಾನ್, 600 ರೂಪಾಯಿ, ತಿಂಗಳಿಗೆ 18,000. ಕರೆಂಟು, ಫಿಲ್ಟರು, ನೋಡಿಕೊಳ್ಳುವವರ ಸಂಬಳ ಎಲ್ಲ ಕಳೆದರೂ ಸ್ವಲ್ಪ ಉಳಿಯುತ್ತದೆ. ಆ ಲೆಕ್ಕದ ಹಾಳೆ ಹಿಡಿದುಕೊಂಡು ನಾಲ್ಕು ಜನ ಅದೇ ಕಂಪನಿಗೆ ಹೋಗಿ, ಒಂದೇ ಒಂದು ಸಲ ಮೆಂಬ್ರೇನ್ ಹಾಕಿಸಿಕೊಡಿ, ಆಮೇಲಿನದು ನಮ್ಮ ಜವಾಬ್ದಾರಿ ಅಂದರು. ಎರಡು ತಿಂಗಳಲ್ಲಿ ಬಂತು. ಈಗ ಆ ಗ್ರಾನೈಟ್ ಫಲಕದ ಪಕ್ಕದ ಗೋಡೆಯ ಮೇಲೆ, ಫಿಲ್ಟರ್ ಬದಲಾಯಿಸಿದ ದಿನಾಂಕವನ್ನು ಪ್ರತಿ ಸಲ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ.