ಬೇಲಿಗೆ ಕತ್ತರಿ ಹಾಕುವ ಮುನ್ನ

ವನ್ಯಜೀವಿ ಚಿತ್ರಗಳನ್ನು ಎಡಿಟ್ ಮಾಡುವಾಗ ಹೆಚ್ಚು ಕತ್ತರಿ ಬೀಳುವುದು ಬೇಲಿ, ವಿದ್ಯುತ್ ತಂತಿ, ರಸ್ತೆಗಳಿಗೆ. ಟೆಲಿಫೋಟೋ ಲೆನ್ಸ್ ನೋಟವನ್ನು ಮೊದಲೇ ಕಿರಿದಾಗಿಸಿರುತ್ತದೆ, ಉಳಿದದ್ದನ್ನು ನಾವು ತೆಗೆಯುತ್ತೇವೆ. ಪರದೆಯ ಮೇಲೆ ಹುಲ್ಲುಗಾವಲಿಗೆ ಕೊನೆಯೇ ಇಲ್ಲವೆನಿಸುತ್ತದೆ. ಹೀಗೆ 45 ನಿಮಿಷ ತೋರಿಸಿ, ಕೊನೆಯ ಐದು ನಿಮಿಷದಲ್ಲಿ ಇದೆಲ್ಲ ಅಳಿಯುತ್ತಿದೆ ಎಂದರೆ ನೋಡುವವರ ಮನಸ್ಸಿಗೆ ಅದು ಇಳಿಯುವುದಿಲ್ಲ. ಅಷ್ಟು ಹೊತ್ತೂ ಅವರ ಕಣ್ಣು ಕಂಡಿದ್ದೇ ಬೇರೆ.

ಸಮಸ್ಯೆ ದೃಶ್ಯದೊಳಗೇ ಇರಬೇಕು. 2016ರ 'ಪ್ಲಾನೆಟ್ ಅರ್ಥ್ II' ಸರಣಿಯ ನಗರಗಳ ಕಂತಿನಲ್ಲಿ ಬಾರ್ಬಡೋಸ್‌ನ ಕಡಲಾಮೆ ಮರಿಗಳಿವೆ. ರಾತ್ರಿ ಮರಳಿನಿಂದ ಮೇಲೆದ್ದ ಮರಿ ಬೆಳಕಿದ್ದ ಕಡೆಗೆ ಹೊರಡುತ್ತದೆ. ದೀಪಗಳಿಲ್ಲದ ತೀರದಲ್ಲಿ ಬೆಳ್ಳಗೆ ಕಾಣುವುದು ಕಡಲ ಮೇಲಿನ ಬಾನಂಚು. ಊರು ಬೆಳಗಿದಾಗ ಮರಿ ಅದೇ ನಂಬಿಕೆಯಿಂದ ರಸ್ತೆಗೆ ಬರುತ್ತದೆ. ಪೆಟ್ಟೂ ಅದರ ಕಾರಣವೂ ಜೊತೆಗೇ ಕಾಣುತ್ತವೆ. ದೀಪಕ್ಕೆ ಮರೆ ಕಟ್ಟಬೇಕು, ಮರಿಗಳು ಹೊರಬರುವ ದಿನಗಳಲ್ಲಿ ಆರಿಸಬೇಕು ಎಂಬುದು ಯಾರೂ ಹೇಳದೆಯೂ ಹೊಳೆಯುತ್ತದೆ. ತಾವು ಕಂಡ ಮರಿಗಳನ್ನೆಲ್ಲ ಎತ್ತಿ ಕಡಲಿಗೆ ಬಿಟ್ಟೆವೆಂದು ಚಿತ್ರತಂಡ ಆಮೇಲೆ ತಿಳಿಸಿತು. ಪ್ರಾಣಿಗಳ ಬದುಕಿನಲ್ಲಿ ಕೈ ಹಾಕಬಾರದೆಂಬುದು ನಮ್ಮ ವೃತ್ತಿಯ ಹಳೆಯ ನಿಯಮ. ಆದರೆ ದೀಪ ಹಚ್ಚಿದವರು ಮನುಷ್ಯರಾದ ಮೇಲೆ ಸುಮ್ಮನೆ ನಿಂತು ಚಿತ್ರೀಕರಿಸುವುದು ಸರಿಯಲ್ಲ.

2019ರ 'ಅವರ್ ಪ್ಲಾನೆಟ್' ಸರಣಿಯಲ್ಲಿ ವಾಲ್ರಸ್‌ಗಳು, ಅಂದರೆ ಉದ್ದ ಕೋರೆಹಲ್ಲಿನ ದೊಡ್ಡ ಕಡಲ ಪ್ರಾಣಿಗಳು, ಬಂಡೆಯ ತುದಿಯಿಂದ ಉರುಳಿಬೀಳುವ ದೃಶ್ಯ ಎದೆ ಹಿಂಡುತ್ತದೆ. ಕಡಲ ಹಿಮ ಕರಗಿದ್ದರಿಂದ ಅವು ದಡಕ್ಕೆ ಬಂದು ಕಿಕ್ಕಿರಿದಿವೆ ಎನ್ನುತ್ತದೆ ನಿರೂಪಣೆ. ಹಿಮ ಕರಗುತ್ತಿರುವುದು ನಿಜ. ಆದರೂ ವಿವಾದ ಎದ್ದಿತು, ಹಿಮಕರಡಿಗಳೇ ಬೆದರಿಸಿರಬೇಕೆಂದು ಟೀಕಾಕಾರರು ವಾದಿಸಿದರು. ಆಮೆಗಳ ವಿಷಯದಲ್ಲಿ ಅಂಥ ವಾದಕ್ಕೆ ಎಡೆಯಿರಲಿಲ್ಲ, ಏಕೆಂದರೆ ದೀಪ ಕಣ್ಣೆದುರೇ ಉರಿಯುತ್ತಿತ್ತು. ವಾಲ್ರಸ್ ದೃಶ್ಯದಲ್ಲಿ ಕಾರಣ ಇದ್ದದ್ದು ಬರೀ ಮಾತಿನಲ್ಲಿ. ನಾನಾಗಿದ್ದರೆ ಬೀಳುವ ದೃಶ್ಯಕ್ಕೆ ಮೊದಲೇ, ಉಪಗ್ರಹಗಳು 1979ರಿಂದ ದಾಖಲಿಸುತ್ತ ಬಂದಿರುವ ಹಿಮದ ನಕ್ಷೆಗಳನ್ನು ಒಂದರ ಹಿಂದೊಂದು ಇಡುತ್ತಿದ್ದೆ. ನೋಡುವವರು ಹಿಮ ಕುಗ್ಗಿದ್ದನ್ನು ಕಂಡು, ಆಮೇಲೆ ಆ ದಡಕ್ಕೆ ಬರಲಿ.

ಈಗ ನನ್ನ ಮುಂದಿರುವ ಚಿತ್ರದಲ್ಲೊಂದು ಹಿಂಡು ನೀರಿಗೆ ಇಳಿಯುತ್ತದೆ. ಶಾಟ್‌ನ ಎಡತುದಿಯಲ್ಲಿ ಬೇಲಿಯಿದೆ. ಬೇಲಿಗುಂಟ ಸುತ್ತಿ ಬರಲು ಹಿಂಡಿಗೆ 20 ಸೆಕೆಂಡು ಹಿಡಿಯುತ್ತದೆ. ಅದನ್ನು ಕತ್ತರಿಸದೆ ಬಿಡೋಣವೆಂದು ನಿರ್ದೇಶಕರನ್ನು ಕೇಳಿದ್ದೇನೆ.